ಅನಾರ್ಕಾನಳ ಕರುಳಿನ ಪಾಠ
ಓಶ್ ಪಟ್ಟಣದ ಎಚ್‌ಐವಿ ಆಸ್ಪತ್ರೆಯ ಬೆಂಚಿನಲ್ಲಿ ಕೂತವರಿಗೆ ಅನಾರ್ಕಾನಳ ಪಾಠ ತಪ್ಪಿದ್ದಲ್ಲ. ಅವಳೂ ರೋಗಿಯೇ, ಠೀವಿ ಮಾತ್ರ ದೊಡ್ಡ ಡಾಕ್ಟರದು. "ವೈರಸ್ ಕಾಣ್ತಿಲ್ಲ ಅಂತ ರಿಪೋರ್ಟ್ ಬಂತಾ? ಕುಣೀಬೇಡ ಕಣೇ. ಅದು ಮೊದಲೇ ಕರುಳಿನ ಗೋಡೆ ತೂತು ಮಾಡಿರುತ್ತೆ. ಅಲ್ಲಿಂದ ಕೊಳೆ ರಕ್ತಕ್ಕೆ ಸೋರುತ್ತೆ, ಮೈ ದಿನಾ ಅದರ ಜೊತೆ ಹೊಡೆದಾಡಿ ಸೊರಗುತ್ತೆ. ಮಾತ್ರೆ ಬಿಡಬೇಡ, ಹೊಟ್ಟೆ ಕೆಡಿಸ್ಕೋಬೇಡ," ಎನ್ನುತ್ತ ಎಲ್ಲರ ಊಟ, ಭೇದಿ, ನಿದ್ದೆ ವಿಚಾರಿಸುತ್ತಾಳೆ. ಅವಳ ಪ್ರಶ್ನೆಗಳಿಗೆ ಹೆದರಿ ಡಾಕ್ಟರೇ ಹಿಂಬಾಗಿಲಿಂದ ಜಾರುತ್ತಾರೆ. ಮೊನ್ನೆ ಹೊಸಬಳೊಬ್ಬಳು, "ಅಕ್ಕಾ, ನಿಮಗೆ ಗಂಡನಿಂದ ಬಂತಾ?" ಎಂದು ಕೇಳಿದಳು. "ಮಗನಿಂದ," ಎಂದಳು ಅನಾರ್ಕಾನ್. "ಎಂಟು ತಿಂಗಳ ಕೂಸು. ಜ್ವರಕ್ಕೆ ಸೇರಿಸಿದ್ದ ಕಡೆ ಒಂದೇ ಸೂಜೀನ ಎಲ್ಲ ಮಕ್ಕಳಿಗೂ ಚುಚ್ಚಿದ್ರು. ನನಗೇನು ಗೊತ್ತು, ಬಾಯಿ ತುಂಬ ಹುಣ್ಣಾಗಿ ಅಳ್ತಿತ್ತು, ಎದೆಹಾಲು ಕುಡಿಸಿದೆ. ನನ್ನ ಮೊಲೆತೊಟ್ಟೂ ಬಿರಿದಿತ್ತು, ಅದರ ಬಾಯಿಯ ರಕ್ತದಿಂದ ನನಗೆ ಹತ್ತಿತು. ಕೂಸು ಉಳೀಲಿಲ್ಲ. ನನ್ನಿಂದಲೇ ಅದಕ್ಕೆ ಬಂತು ಅಂತ ಅತ್ತೆ ಇವತ್ತಿಗೂ ಶಪಿಸ್ತಾಳೆ."