ನಮ್ಮ ರೇಡಿಯೋ ಪಕ್ಕದ ಮನೆಗೆ ಹೇಳಿದ ಗುಟ್ಟು

ಗೆಳೆಯರೇ, ಯಾರಿಗೂ ಹೇಳಬೇಡಿ. ಸಿಂಗಾಪುರದ ಯುದ್ಧದಲ್ಲಿ ಕಾಣೆಯಾದ ತಮ್ಮನಿಗಾಗಿ ನನ್ನ ಹೆಂಡತಿ ಗಿರಿಜಾ ದಿನಾ ಸಂಜೆ ಬಾಗಿಲು ಮುಚ್ಚಿ ಜಪಾನಿನ ರೇಡಿಯೋ ಕೇಳುತ್ತಾಳೆ. ಸರ್ಕಾರ ಅದನ್ನು ಕೇಳಬಾರದೆಂದಿದೆ. ಆದರೆ ಸೆರೆಸಿಕ್ಕ ಸಿಪಾಯಿಗಳ ಹೆಸರು ಓದುವುದು ಅಲ್ಲೇ.

ಇವತ್ತು ಪಕ್ಕದ ಮನೆಯ ನಿವೃತ್ತ ಪೊಲೀಸ್ ದಫೇದಾರರು ಬಂದರು. "ನೀವು ರೇಡಿಯೋ ಹಚ್ಚಿ ಮುಳ್ಳು ಎಲ್ಲಿ ನಿಲ್ಲಿಸ್ತೀರೋ, ನಮ್ಮ ರೇಡಿಯೋ ಅದ ಜಾಗಾದಾಗ ಶಿಳ್ಳಿ ಹೊಡೀತೈತ್ರಿ. ನೀವು ಯಾವ ಸ್ಟೇಷನ್ ಕೇಳ್ತೀರಿ ಅಂತ ಅದರಾಗ ಗೊತ್ತಾಕ್ಕೈತಿ" ಎಂದರು.

ಗಿರಿಜಾ ಬಿಳಿಚಿಕೊಂಡಳು.

"ಅಂಜಬ್ಯಾಡವ್ವ. ತಿಂಗಳಿಂದ ನಾನೂ ಅದನ್ನ ಕೇಳಾಕತ್ತೀನಿ. ನಿನ್ನೆ ನೀವು ಕಂಪ್ಲಿಗೆ ಹೋದಾಗ ನಿನ್ನ ತಮ್ಮನ ಹೆಸರು ಓದಿದ್ರು. ಜೀವಂತ ಅದಾನವ್ವ."

ಅವಳು ಅವರ ಕಾಲು ಹಿಡಿದು ಅತ್ತಳು. ಅವರೂ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ನಾಳೆಯಿಂದ ಅವರ ಮನೆಯಲ್ಲೇ ಒಟ್ಟಿಗೆ ಕೂತು ಕೇಳುವುದೆಂದಾಯಿತು. ಕದ್ದು ಕೇಳಲು ಪೊಲೀಸರ ಮನೆಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ?