ಪಡಸಾಲೆಯ ಮೂಕ ಸೋಬಾನೆ

ನನಗೊಂದು ಚಟವಿದೆ. ಬೀಡಿ ಸಿಗರೇಟಿನದಲ್ಲ, ಹೊಗೆಸೊಪ್ಪಿನ ನಾಡಾದ ಹುಣಸೂರಿನಲ್ಲಿದ್ದೂ ಅದನ್ನು ಕಲಿಯಲಿಲ್ಲ. ನನ್ನ ಚಟದ ಹೆಸರು ಲಿನಕ್ಸ್. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಊರವರೆಲ್ಲ ಅಂಗಡಿಯವನು ಕಂಪ್ಯೂಟರಿಗೆ ಏನು ಹಾಕಿಕೊಟ್ಟನೋ ಅದರಲ್ಲೇ ಸುಖವಾಗಿರುವಾಗ, ಅದನ್ನು ಕಿತ್ತು ಬಿಸಾಡಿ, ಪುಕ್ಕಟೆ ಸಿಗುವ ಇನ್ನೊಂದನ್ನು ತಾನೇ ಹಾಕಿಕೊಂಡು, ಆಮೇಲೆ ಉಳಿದವರನ್ನು ಕನಿಕರದಿಂದ ನೋಡುವವರ ಪಂಥ ಅದು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ನಮ್ಮ ಸ್ಟಾಫ್ ರೂಮಿನಲ್ಲಿ ಈ ಪಂಥದ ಹಿರಿಮೆಯನ್ನು ಎಷ್ಟು ಕೊರೆದಿದ್ದೇನೆಂದರೆ, ನಾನು ಒಳಗೆ ಕಾಲಿಟ್ಟರೆ ಸಾಕು, ಸಹೋದ್ಯೋಗಿಗಳಿಗೆ ತಮ್ಮ ಕ್ಲಾಸು ನೆನಪಾಗುತ್ತದೆ. ಇದಕ್ಕೆ ವೈರಸ್ ಬರುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಕೆಲವು ಸಲ ಶಬ್ದವೂ ಬರುವುದಿಲ್ಲ ಎಂಬುದನ್ನು ಹೇಳುವುದಿಲ್ಲ.

ಹೋದ ತಿಂಗಳು ಶಬ್ದ ಬಾರದೆ ಹೋದದ್ದು ಬೀಗರ ಮುಂದೆ. ಕಂಪಲಾಪುರದಿಂದ ಗಂಡಿನ ತಂದೆ ತಾಯಿ ನಮ್ಮ ಮಗಳ ಮದುವೆಯ ಮಾತುಕತೆಗೆ ಬಂದಿದ್ದರು. ಎಲ್ಲವೂ ಒಪ್ಪಿಗೆಯಾಗಿತ್ತು. ಒಂದೇ ವಿಷಯ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಉಳಿದಿತ್ತು: ಹಸೆಶಾಸ್ತ್ರದ ದಿನ ಹಾಡು ಯಾರದು? ಬೀಗರು ಡಿಜೆ ಎಂದರು. ನಮ್ಮ ಮಗಳು ಅಜ್ಜಿ ಎಂದಳು.

ಅಜ್ಜಿ ಎಂದರೆ ನನ್ನ ಸೋದರತ್ತೆ, ಮಿರ್ಲೆಯ ಚಿಕ್ಕತಾಯಮ್ಮ. ನಮ್ಮ ಬಳಗದಲ್ಲಿ ಮದುಮಕ್ಕಳನ್ನು ಹಸೆಗೆ ಕೂರಿಸಿದಾಗ ಸೋಬಾನೆ ಎತ್ತುತ್ತಿದ್ದವರು ಅವರೇ. ನನ್ನ ಮದುವೆಗೂ ಅವರದೇ ಹಾಡು. ಈಚೆಗೆ ಮದುವೆಮನೆಗಳಲ್ಲಿ ಅವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಡಿಜೆಯವನು ಪೆಟ್ಟಿಗೆಗಳಿಗೆ ಕರೆಂಟು ಕೊಟ್ಟುಬಿಡುತ್ತಿದ್ದ. ಆಮೇಲೆ ಅತ್ತೆ ಬಾಯಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಮೊನ್ನೆ ಮೊನ್ನೆ ಒಂದು ಮದುವೆಗೆ ಕಾಲುನೋವೆಂದು ಹೋಗಲೇ ಇಲ್ಲ. ಅವರ ಕಾಲಿಗೆ ಏನೂ ಆಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸ್ವಂತ ಮೊಮ್ಮಗಳಂಥವಳ ಮದುವೆಯಲ್ಲೂ ಹೀಗೇ ಆದರೆ ಅವರು ಮತ್ತೆಂದೂ ಹಾಡುವುದಿಲ್ಲ ಎಂಬುದೂ ಗೊತ್ತಿತ್ತು. ಅದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಅತ್ತೆ ಅಂದು ನಮ್ಮ ಮನೆಯಲ್ಲೇ ಇದ್ದರು. ಹಾಗಾದರೆ ಬೀಗರ ಮುಂದೆ ಹಾಡಿಸಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಹಾಗೆಂದೇ ಕೇಳಿ ಉಗಿಸಿಕೊಂಡೆ. "ಹಸೆ ಹಾಕ್ದೆ ಸೋಬಾನೆ ಯೋಳ್ತಾರೇನ್ಲಾ? ಯಾರಿಗ್ ಲಗ್ನ, ನಿಂಗಾ?" ಎಂದು ಸೆರಗು ಕೊಡವಿಕೊಂಡು ಹಿತ್ತಲಿಗೆ ಹೋದರು.

ಆದರೆ ನನ್ನ ಬಳಿ ಬ್ರಹ್ಮಾಸ್ತ್ರವಿತ್ತು. ಹಿಂದೊಮ್ಮೆ ಸಾಲಿಗ್ರಾಮದ ಮದುವೆಯೊಂದರಲ್ಲಿ ಅತ್ತೆ ಹಾಡಿದ್ದನ್ನು ಜಾನಪದದ ವಿದ್ಯಾರ್ಥಿನಿಯೊಬ್ಬಳು ವಿಡಿಯೋ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಳು. ಬೀಗರನ್ನು ಪಡಸಾಲೆಯಲ್ಲಿ ಕೂರಿಸಿ ಅದನ್ನು ಕೇಳಿಸಿದರೆ ಡಿಜೆಯ ಕಥೆ ಮುಗಿಯಿತು ಎಂದುಕೊಂಡೆ. ಫೋನಿನಲ್ಲೇ ತೋರಿಸಿ ಎಂದಳು ಹೆಂಡತಿ. ಅಂಗೈಯಗಲದ ಪರದೆಯಲ್ಲಿ ಬೀಗರಿಗೆ ಏನು ಕಂಡೀತು? ನನ್ನ ದೊಡ್ಡ ಪರದೆ, ನನ್ನ ಲಿನಕ್ಸು ಇರುವುದಾದರೂ ಯಾತಕ್ಕೆ?

ವಿಡಿಯೋ ಶುರುವಾಯಿತು. ಅತ್ತೆಯ ಬಾಯಿ ಆಡಿತು. ಕೈ ಆಡಿತು. ಹಿಂದೆ ಕುಳಿತ ಹೆಂಗಸರ ಬಾಯಿಗಳೂ ಆಡಿದವು. ಶಬ್ದ ಮಾತ್ರ ಸೊನ್ನೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನಮ್ಮ ಪಡಸಾಲೆ ಒಂದೇ ಕ್ಷಣದಲ್ಲಿ ಅಪರಂಜಿಯಾಯಿತು.

ನಮ್ಮ ಸೀಮೆಯವರಿಗೆ ಮೂಕಚಿತ್ರ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಕೆ.ಆರ್. ನಗರದ ಟೆಂಟಿನಲ್ಲಿ ಸಿನಿಮಾ ನೋಡುತ್ತಿದ್ದರೆ, ನಾಯಕ ನಾಯಕಿಗೆ ಮನಸ್ಸಿನ ಮಾತು ಹೇಳುವ ಹೊತ್ತಿಗೆ ಸರಿಯಾಗಿ ಶಬ್ದ ಹೋಗುತ್ತಿತ್ತು. ಜನ ಒಂದೇ ಕೊರಳಿನಲ್ಲಿ ಸೌಂಡೂ ಸೌಂಡೂ ಎಂದು ಕೂಗುತ್ತಿದ್ದರು. ಕೂಗು ತಾರಕಕ್ಕೇರಿದರೆ ಶಬ್ದ ತಾನಾಗಿ ಬರುತ್ತಿತ್ತು. ಆ ಯಂತ್ರಕ್ಕೆ ಮಾನ ಮರ್ಯಾದೆ ಇತ್ತು. ನನ್ನದಕ್ಕೆ ಬೈದರೆ ತಿಳಿಯುವುದಿಲ್ಲ, ಅದಕ್ಕೆ ಆಜ್ಞೆ ಕೊಡಬೇಕು. ಕರಿ ಕಿಟಕಿಯೊಂದನ್ನು ತೆರೆದು ಬೆಳ್ಳಗಿನ ಅಕ್ಷರಗಳಲ್ಲಿ ಒಂದಷ್ಟು ಆಜ್ಞೆ ಬರೆದೆ. ಬೀಗರು ಬೆರಗಾಗಿ ನೋಡಿದರು. ನಿಜ ಹೇಳಬೇಕೆಂದರೆ ಆ ಆಜ್ಞೆಗಳ ಅರ್ಥ ನನಗೂ ಗೊತ್ತಿಲ್ಲ. ಪುರೋಹಿತರ ಮಂತ್ರದ ಹಾಗೆ, ಹೇಳುವವನಿಗೂ ಕೇಳುವವನಿಗೂ ಅರ್ಥವಾಗದಿದ್ದರೇನೇ ಗೌರವ ಜಾಸ್ತಿ.

ಫಲವಿಲ್ಲದೆ ಅಂತರ್ಜಾಲದಲ್ಲಿ ಲಿನಕ್ಸಿಗರು ಸೇರುವ ವೇದಿಕೆಯೊಂದಕ್ಕೆ ಮೊರೆಹೋದೆ. ಕಂಪಲಾಪುರದ ಅರಳಿಕಟ್ಟೆಯಲ್ಲಿ ನೀವು ಪಿರಿಯಾಪಟ್ಟಣದ ದಾರಿ ಕೇಳಿದರೆ ಮೊದಲು ನಿಮ್ಮದು ಯಾವೂರು, ಯಾರ ಪೈಕಿ, ಯಾರ ಮಗ ಎಂದು ವಿಚಾರಿಸುತ್ತಾರೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ವೇದಿಕೆಯಲ್ಲೂ ಅದೇ ರಿವಾಜು. ನಿನ್ನ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಯಾವುದು, ಯಾವ ಪೈಕಿ, ಎಷ್ಟನೆಯದು? ಈ ಪ್ರಶ್ನೆ ಕೇಳುವ ಮೊದಲು ಹಳೆಯದನ್ನೆಲ್ಲ ಓದಿದೆಯಾ? ಅರಳಿಕಟ್ಟೆಯವರು ಕೊನೆಗಾದರೂ ದಾರಿ ಹೇಳುತ್ತಾರೆ, ಎಲೆಯಡಿಕೆಯನ್ನೂ ಕೊಡುತ್ತಾರೆ. ಇಲ್ಲಿ ನನ್ನದೇ ತೊಂದರೆಯಿದ್ದ ಪುಣ್ಯಾತ್ಮನೊಬ್ಬ "ಸರಿಹೋಯಿತು, ಎಲ್ಲರಿಗೂ ವಂದನೆ" ಎಂದು ಬರೆದು ಮಾಯವಾಗಿದ್ದ. ಹೇಗೆ ಸರಿಹೋಯಿತೆಂದು ಬರೆದಿರಲಿಲ್ಲ. ಅವನು ಎಲ್ಲೇ ಇರಲಿ, ಅವನ ಮಗಳ ಮದುವೆಗೂ ಡಿಜೆ ಬರಲಿ ಎಂದು ಶಪಿಸಿದೆ.

ಪಕ್ಕದ ಮನೆಯ ಮರದ ವ್ಯಾಪಾರಿ ಜಬ್ಬಾರ್ ಸಾಹೇಬರು ಮಾತುಕತೆಗೆ ಹಿರಿಯರಾಗಿ ಬಂದು ಕೂತಿದ್ದರು. ಅವರು ಸ್ಪೀಕರನ್ನು ಬೆರಳಿನಿಂದ ಕುಟ್ಟಿ ನೋಡಿ, "ಪ್ಲೈವುಡ್ಡು ಕಣ್ರೀ ಮೇಷ್ಟ್ರೆ. ಇದ್ರಾಗೆ ಆವಾಜ್ ಎಲ್ಲಿಂದ ಬರ್ಬೇಕು? ತೇಗದ್ ಹಾಕ್ಸಿ," ಎಂದರು. ಬೀಗರು ತಮ್ಮ ಟ್ರ್ಯಾಕ್ಟರಿನ ಹಾರ್ನೂ ಹೀಗೇ ಕೈಕೊಟ್ಟಾಗ ಒದ್ದು ಸರಿಮಾಡಿದ್ದನ್ನು ನೆನೆದು ನನ್ನ ಯಂತ್ರದ ಕಡೆ ಕಾಲು ಚಾಚಿದರು. ಬೀಗರ ಕಾಲಲ್ಲವೇ, ಮೆಲ್ಲನೆ ಸರಿಸಿದೆ. ಸಾಹೇಬರು ಜೇಬಿನಿಂದ ಫೋನು ತೆಗೆದು, "ಇದ್ರಾಗೇ ಹಾಕ್ಲಾ?" ಎಂದರು. "ಬೇಡ, ಐದೇ ನಿಮಿಷ," ಎಂದೆ. ಈ ಪಂಥದವರು ಪ್ರಾಣ ಬಿಟ್ಟಾರು, ಐದೇ ನಿಮಿಷ ಎನ್ನುವುದನ್ನು ಬಿಡಲಾರರು.

ಹಾಡನ್ನು ಮತ್ತೆ ಮೊದಲಿನಿಂದ ಹಾಕಿದೆ. ಏನೋ ಒಂದನ್ನು ತಿರುಗಿಸಿ ಮತ್ತೆ ಮೊದಲಿನಿಂದ ಹಾಕಿದೆ. ಇಷ್ಟರಲ್ಲಿ ಹಿತ್ತಲಿನಿಂದ ಹೆಂಗಸರ ಗಲಾಟೆ ಬೇರೆ. ನಾಟಿಕೋಳಿ ಸಾರಿಗೆ ಸೌದೆ ಒಲೆ ಹೂಡಿ ನನ್ನ ಹೆಂಡತಿ, ಬೀಗಿತ್ತಿ, ಅತ್ತೆ, ನೆರೆಯ ಹೆಂಗಸರು ಎಲ್ಲ ಅಲ್ಲಿ ಸೇರಿದ್ದರು. ಅವರು ರಾಗವಾಗಿ ಏನೋ ಹಾಡಿಕೊಳ್ಳುತ್ತಿದ್ದುದು ನಮಗೆ ಅಡ್ಡಿಯಾಗುತ್ತಿತ್ತು. ಸ್ಪೀಕರಿಗೆ ಕಿವಿಗೊಟ್ಟು ಬಗ್ಗಿದ್ದ ಬೀಗರಿಗೆ ರೇಗಿಹೋಯಿತು. "ಏಯ್, ವಸಿ ಬಾಯ್ ಮುಚ್ಕೊಂಡಿರ್ರಮ್ಮಿ! ಇಲ್ಲಿ ಸೋಬಾನೆ ಕೇಳುಸ್ಕೋಬೇಕು!" ಎಂದು ಗುಡುಗಿದರು. ಹಿತ್ತಲಿನಲ್ಲಿ ನಗುವೆದ್ದಿತು. ಹಾಡು ನಿಲ್ಲಲಿಲ್ಲ.

ಕೊನೆಗೆ ಆರಿಸಿ ಹಚ್ಚಿ ನೋಡುವ, ಲಿನಕ್ಸಿಗನಿಗೆ ಪರಮ ಅಪಮಾನವಾದ ಹಾದಿ ಹಿಡಿದು ಯಂತ್ರವನ್ನೇ ಆರಿಸಿದೆ.

ಆರಿಸಿದ್ದೇ ತಡ, ಹೆಂಡತಿ ಸೌಟು ಹಿಡಿದುಕೊಂಡು ಬಾಗಿಲಿಗೆ ಬಂದಳು. "ಯಾಕ್ರೀ ನಿಲ್ಲಿಸಿದ್ರಿ? ಎರಡ್ನೇ ನುಡಿ ಈಗ ತಾನೇ ಬಾಯಿಗ್ ಬತ್ತಿತ್ತು!"

ನಡೆದದ್ದು ಇಷ್ಟು. ನಮ್ಮಲ್ಲೊಂದು ಪುಟ್ಟ ಬ್ಲೂಟೂತ್ ಸ್ಪೀಕರಿದೆ. ಹೆಂಡತಿ ಒಲೆಯ ಮುಂದೆ ಬೇಜಾರು ಕಳೆಯಲಿ ಎಂದು ಅದನ್ನು ಹಿತ್ತಲಿಗೆ ಒಯ್ದು ಗುಂಡಿ ಒತ್ತಿದ್ದಾಳೆ. ಅವಳ ಫೋನಿಗಿಂತ ಮುಂಚೆ ನನ್ನ ಕಂಪ್ಯೂಟರು ಹಳೆಯ ಪರಿಚಯದ ಸಲುಗೆಯಿಂದ ಅದರ ಕೈ ಹಿಡಿದಿದೆ. ಬ್ರೌಸರಿನ ಶಬ್ದವೆಲ್ಲ ಪಡಸಾಲೆಯನ್ನು ಧಿಕ್ಕರಿಸಿ ಹಿತ್ತಲಿಗೆ ಹರಿದಿದೆ. ಶಬ್ದ ಯಾವ ದಾರಿಯಲ್ಲಿ ಹೊರಬೀಳುತ್ತಿದೆ ಎಂದು ನೋಡುವ ಪಟ್ಟಿ ಸೆಟ್ಟಿಂಗ್ಸಿನಲ್ಲೇ ಇತ್ತು. ಅದನ್ನು ನೋಡುವುದು ತೀರ ಸಾಮಾನ್ಯರ ಕೆಲಸವೆಂದು ನಾನು ಕರ್ನಲ್ಲಿನ ಆಳಕ್ಕೆ ಇಳಿದಿದ್ದೆ. ಅತ್ತೆ ತಮ್ಮ ದನಿಯನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿ, ಕೋಳಿ ಕುಯ್ಯುವುದನ್ನು ಬಿಟ್ಟು ಕೂತುಬಿಟ್ಟರಂತೆ. ನಾನು ಹಾಡನ್ನು ಮೊದಲಿನಿಂದಲೇ ಮತ್ತೆ ಮತ್ತೆ ಹಾಕುತ್ತಿದ್ದುದು ಉಳಿದವರು ಕಲಿಯಲಿ ಎಂದೇ ಇರಬೇಕೆಂದು ಬೀಗಿತ್ತಿ ಊಹಿಸಿ, ಎಲ್ಲರೂ ದನಿಗೂಡಿಸುವಂತೆ ಮಾಡಿದ್ದರು. "ನಿಮ್ಗೂ ವಸಿ ಬುದ್ಧಿ ಬಂತಲ್ಲಾ ಅಂತ ಸಂತೋಸಪಟ್ಟಿದ್ದೆ," ಎಂದಳು ಹೆಂಡತಿ. ನಾವು ಗಂಡಸರು ಯಾವ ಹಾಡನ್ನು ಕೇಳಬೇಕೆಂದು ತಲೆಕೆಳಗಾಗಿ ನಿಂತಿದ್ದೆವೋ ಅದಕ್ಕೇ ಬಾಯಿ ಮುಚ್ಚು ಎಂದು ಗದರಿಸಿದ್ದೆವು. ಇದು ಲಿನಕ್ಸಿನ ದೋಷವಲ್ಲ. ಪಡಸಾಲೆಗೆ ಈ ಕಾಯಿಲೆ ತಲೆತಲಾಂತರದಿಂದ ಇದೆ. ಇತಿಹಾಸದ ಮೇಷ್ಟ್ರಾಗಿ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಯಂತ್ರವನ್ನು ಮತ್ತೆ ಹಚ್ಚಿ, ಸ್ಪೀಕರನ್ನು ಪಡಸಾಲೆಗೆ ತಂದು ಇಟ್ಟೆವು. ಹೆಂಗಸರೆಲ್ಲ ಬಾಗಿಲಲ್ಲಿ ನಿಂತರು. ಅತ್ತೆ ಎಲ್ಲರ ಹಿಂದೆ. ಹಾಡು ಪೂರ್ತಿ ಬಂತು. ಆ ದನಿಯಲ್ಲಿ ನಯವಿಲ್ಲ, ಕೊಂಚ ಒಡಕೂ ಇದೆ. ಆದರೆ ಮನೆ ಬಿಟ್ಟು ಹೋಗುವ ಹುಡುಗಿಯ ತಲೆ ಸವರುವ ಹಾಗಿದೆ. ನನ್ನ ಮಗಳು ಆಗಲೇ ಹೋಗಿಬಿಟ್ಟಳೇನೋ ಎನಿಸಿ ನನಗೆ ಅಳು ಬಂತು, ಹೊಗೆ ಎಂದೆ. ಜಬ್ಬಾರ್ ಸಾಹೇಬರು ತೇಗದ ಮಾತೆತ್ತಲಿಲ್ಲ.

ಬೀಗರು ತಲೆದೂಗಿದರು. "ಬಾರೀ ಕಂಠ ಕಣ್ರೀ. ಒಪ್ಕೊಂಡೆ. ಒಂದ್ ಕೆಲ್ಸ ಮಾಡಿ ಮೇಷ್ಟ್ರೆ, ಇದ್ನ ಪೆನ್ ಡ್ರೈವಿಗಾಕ್ಕೊಡಿ. ಡಿಜೆ ಹುಡುಗುನ್ ಕೈಗ್ ಕೊಟ್ರೆ ಹಸೆ ಟೈಮಿಗ್ ಸರಿಯಾಗಿ ಹಾಕ್ತಾನೆ. ವಯಸ್ಸಾದೋರ್ಗೆ ಯಾಕ್ ಸುಮ್ನೆ ತೊಂದ್ರೆ?"

ಎಂಥ ಸುಲಭದ ಪರಿಹಾರ! ಹಾಡೂ ಉಳಿಯಿತು, ಡಿಜೆಯೂ ಉಳಿಯಿತು, ಬೀಗರ ಮಾತೂ ಉಳಿಯಿತು. ನಾನಂತೂ ಆಗಲೇ ಮೇಜಿನ ಡ್ರಾಯರಿಗೆ ಕೈ ಹಾಕಿ ಪೆನ್ ಡ್ರೈವ್ ಹುಡುಕಿ ತೆಗೆದಿದ್ದೆ.

ಅತ್ತೆ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದರು. ಸಿಟ್ಟಿರಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಹಳ ಮರ್ಯಾದೆಯಿಂದ ಕೇಳಿದರು: "ಅಂಗೇ ಆಗ್ಲಿ ಬುಡಿ ಬೀಗ್ರೆ. ನಿಮ್ಮಗನ್ನೂ ಅದ್ರಾಗೇ ಆಕ್ ಕಳ್ಸಿ. ಬಿಸ್ಲಾಗೆ ಅಷ್ಟ್ ದೂರ ಬಂದು ಹಸೆ ಮ್ಯಾಲ್ ಕೂರೋ ತೊಂದ್ರೆ ಅವುಂಗಾರ ಯಾಕೆ?"

ಮೊದಲು ನಕ್ಕವರು ಬೀಗಿತ್ತಿ. ಸೌಟು, ಲೋಟ, ಬಾಗಿಲು, ಸಿಕ್ಕಿದ್ದನ್ನು ಹಿಡಿದುಕೊಂಡು ಉಳಿದ ಹೆಂಗಸರೂ ನಕ್ಕರು. ಬೀಗರು ಹೆಂಡತಿಯ ಮುಖ ನೋಡಿದರು, ಆಮೇಲೆ ಸಾಹೇಬರ ಮುಖ, ಆಮೇಲೆ ತಮ್ಮ ಚಪ್ಪಲಿ. "ಡಿಜೆಯೋನು ಊಟ ಆದ್ಮೇಲ್ ಬರ್ಲಿ ಬುಡಿ," ಎಂದರು. ಅತ್ತೆ ತಲೆಯಾಡಿಸಿ ಸಾರು ನೋಡಲು ಹೋದರು. ನಾನು ಕೈಯಲ್ಲಿದ್ದ ಪೆನ್ ಡ್ರೈವನ್ನು ಯಾರೂ ನೋಡುವ ಮೊದಲು ಜೇಬಿಗೆ ಇಳಿಸಿಬಿಟ್ಟೆ.