ಎರಡನೇ ಗೇರು ಹುಡುಕುತ್ತ ಹುಮನಾಬಾದಿಗೆ

ಬಸವಕಲ್ಯಾಣದ ನಮ್ಮ ಓಣಿಯಿಂದ ಬೆಳಿಗ್ಗೆ ಎಂಟೂವರೆಗೆ ಹೊರಟೆ. ಹುಮನಾಬಾದಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಮುಕ್ಕಾಲು ತಾಸು ಸಾಕು. ವೇಗಕ್ಕೆಂದೇ ಹುಟ್ಟಿದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿರುವ ನನ್ನ ಹೊಸ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಅಂದು ನನಗೆ ಎರಡು ತಾಸು ಹಿಡಿಯಿತು. ಎರಡನೇ ಗೇರು ಬೀಳುತ್ತಿರಲಿಲ್ಲ.

ಬೀಳುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ಹತ್ತು ಸಲದಲ್ಲಿ ಮೂರು ಸಲ ಬೀಳುತ್ತಿತ್ತು. ಉಳಿದ ಏಳು ಸಲ, ಜೋಳ ಬೀಸುವ ಗಿರಣಿಗೆ ಕಲ್ಲು ಸಿಕ್ಕ ಹಾಗೆ ಕರ್ರೆಂದು ಸದ್ದು ಮಾಡಿ ಕೈಯನ್ನು ಹಿಂದಕ್ಕೆ ತಳ್ಳುತ್ತಿತ್ತು. ರಿವರ್ಸ್ ಗೇರಿನದೂ ಇದೇ ರಗಳೆ. ಹೈದರಾಬಾದಿನ ಶೋರೂಮಿಗೆ ಫೋನ್ ಮಾಡಿದ್ದಕ್ಕೆ ಒಬ್ಬ ಮೆಕ್ಯಾನಿಕ್ಕನನ್ನು ಕಳಿಸಿದ್ದರು. ಅವನು ಕೋಟೆಯ ಕಡೆಗೊಂದು ಸುತ್ತು ಓಡಿಸಿದ. ಗೇರುಗಳು ಬೆಣ್ಣೆಯಲ್ಲಿ ಚಾಕು ಆಡಿದಂತೆ ಬಿದ್ದವು. ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿದ ಕೂಸು ಡಾಕ್ಟರ ಮುಂದೆ ಸುಮ್ಮನಿರುತ್ತದಲ್ಲ, ಹಾಗೆ. ಅವನು ಹೋದ ಮರುಗಳಿಗೆಗೆ ನಾನು ಹಾಕಿದೆ, ಕರ್ರ್.

ಕೊನೆಗೆ ಶೋರೂಮಿನ ಮ್ಯಾನೇಜರು ದೊಡ್ಡ ಮನಸ್ಸು ಮಾಡಿದರು. ಈ ಕಾರು ವಾಪಸ್ ಕೊಟ್ಟು, ಗೇರು ತಾನೇ ಬದಲಿಸಿಕೊಳ್ಳುವ, ಕ್ಲಚ್ಚೇ ಇಲ್ಲದ ಕಾರು ಒಯ್ಯಬಹುದು. ಹೊತ್ತೊಯ್ಯುವ ಲಾರಿ ನಾಳೆ ಬರುತ್ತದೆ. ಹೂಂ ಅಥವಾ ಉಹೂಂ, ಇಂದು ಸಂಜೆ ಐದರೊಳಗೆ ಹೇಳಬೇಕು.

"ಸುಮ್ನ ಹೂಂ ಅನ್ರಿ," ಅಂದಳು ನನ್ನ ಹೆಂಡತಿ ಮಹಾದೇವಿ, ಬಾಗಿಲಲ್ಲಿ ನಿಂತು. "ನಿಮಗ ಟಿವಿ ರಿಮೋಟ್ ಸುದ್ದಾ ಬರಾಬರ್ ಬರಂಗಿಲ್ಲ. ನಿಮ್ಮ ಕೈಯಾಗ ಆರು ಗೇರ್ ಯಾರ್ ಕೊಟ್ರೋ."

"ಹುಮನಾಬಾದಿನ ಗ್ಯಾರೇಜ್ ಮೇಸ್ತ್ರಿಗೆ ಒಮ್ಮೆ ತೋರಿಸಿ ಬರ್ತೀನಿ. ಆಮ್ಯಾಲ ಹೇಳ್ತೀನಿ."

"ಹೋಗಿ ಬರ್ರಿ. ಊಟಕ್ಕ ಬರ್ತೀರೋ, ನೂಕ್ಕೊಂಡು ನಾಳಿಗೆ ಬರ್ತೀರೋ?"

ಅವಳಿಗೆ ನಾನು ಹೇಳದ ಮಾತೊಂದಿತ್ತು. ಬೋರ್‌ವೆಲ್ ಮೋಟಾರು, ಪೈಪು ಮಾರುವ ಐವತ್ತೊಂದರ ಗೃಹಸ್ಥನಿಗೆ ಇಂಥ ಕಾರು ಯಾಕೆ ಎಂದು ಊರೇ ಕೇಳಿತ್ತು. ನನಗೆ ಬೇಕಾಗಿದ್ದದ್ದು ಕಾರಲ್ಲ, ಗೇರು. ನಮ್ಮಪ್ಪ ಗುರಪ್ಪ ಲಾರಿ ಓಡಿಸುತ್ತಿದ್ದ. ಚಳಿಗಾಲದ ಬೆಳಗಿನಲ್ಲಿ ನನ್ನನ್ನು ಕ್ಯಾಬಿನ್ನಿನೊಳಗೆ ಇಂಜಿನ್ನಿನ ಮುಚ್ಚಳದ ಮೇಲೆ ಕೌದಿ ಮಡಚಿ ಕೂರಿಸುತ್ತಿದ್ದ. ಕೆಳಗಿನಿಂದ ಬಿಸಿ, ಮುಂದಿನ ಗಾಜಿನಲ್ಲಿ ಮಂಜು, ಮಗ್ಗುಲಲ್ಲಿ ಅಪ್ಪನ ಎಡಗೈ. ಆ ಕೈ ಗೇರಿನ ಗುಂಡಿಯ ಮೇಲೆ ಬಿದ್ದರೆ ಲಾರಿ ಒಮ್ಮೆ ಉಸಿರು ಹಿಡಿದು ಬಿಟ್ಟಂತಾಗುತ್ತಿತ್ತು, ಅಷ್ಟೇ. ಒಂದು ದಿನ ನಾನೂ ಗುಂಡಿ ಹಿಡಿದೆ. ಅಪ್ಪ ಬೆರಳು ಬಿಡಿಸಿ, "ಇದು ನಿನ್ನ ಕೈಗೆ ಬರಂಗಿಲ್ಲ, ನೀ ಓದು" ಅಂದ. ಸಿಟ್ಟಿನಿಂದಲ್ಲ, ಹವಾಮಾನ ಹೇಳಿದ ಹಾಗೆ. ಇಷ್ಟು ವರ್ಷದ ಮೇಲೆ ಕ್ಲಚ್ಚಿಲ್ಲದ ಕಾರಿಗೆ ಹೂಂ ಅಂದರೆ ಅಪ್ಪನ ಮಾತಿಗೆ ಮೊಹರು ಒತ್ತಿದಂತೆ.

ಚಪ್ಪಲಿ ಬಿಚ್ಚಿ ಡಿಕ್ಕಿಯಲ್ಲಿಟ್ಟು, ಸ್ಟೇರಿಂಗಿಗೆ ಕೈ ಮುಗಿದು ಹೊರಟೆ. ಹೊಸ ಗಾಡಿಯೊಳಗೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿ ಕೂರುವುದಿಲ್ಲ. ಅಪ್ಪನಂತೂ ಲಾರಿ ಹಳತಾದರೂ ಬರಿಗಾಲಲ್ಲೇ ಓಡಿಸಿದವನು.

ಹೆದ್ದಾರಿ ಸೇರುವ ತನಕದ ಆರೇಳು ಕಿಲೋಮೀಟರಿನಲ್ಲಿ ಒಂಬತ್ತು ಹಂಪು. ಎಣಿಸಿದ್ದೇನೆ, ಯಾಕೆಂದರೆ ಒಂದೊಂದರ ಮುಂದೆಯೂ ಎರಡನೇ ಗೇರು ಬೇಕು. ಒಂದರಿಂದ ನೇರ ಮೂರಕ್ಕೆ ಹಾರಿಸಿದರೆ ಗಾಡಿ ಗಡಗಡ ನಡುಗಿ ನಿಲ್ಲುತ್ತಿತ್ತು. ಒಂದರಲ್ಲೇ ಹೋದರೆ ಇಂಜಿನ್ನು ಹೊಲದಲ್ಲಿ ಹಕ್ಕಿ ಓಡಿಸುವವರ ಹಾಗೆ ಕೂಗುತ್ತಿತ್ತು. ಹೆದ್ದಾರಿಯ ತಿರುವಿನಲ್ಲಿ ಮುಂದೊಂದು ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಹಳ್ಳಿಖೇಡದ ಫ್ಯಾಕ್ಟರಿಯ ಕಡೆಗೆ ಹೊರಟಿತ್ತು. ಅದರ ಹಿಂದೆ ನಿಧಾನಿಸಿದೆ, ಎರಡಕ್ಕೆ ಹಾಕಿದೆ, ಕರ್ರ್ ಅಂದಿತು, ನಿಂತಿತು. ನನ್ನ ಹಿಂದೆ ಜೀಪು, ಬಸ್ಸು, ಹಾಲಿನ ಟೆಂಪೋ.

ಟ್ರ್ಯಾಕ್ಟರಿನವ ಹೊರಳಿ ನೋಡಿದ. ತಲೆಗೆ ಟವೆಲು ಸುತ್ತಿದ, ಮೋರಖಂಡಿಯ ಕಡೆಯ ಮನುಷ್ಯ.

"ಗಾಡಿ ಛಲೋ ಅದರಿ ಸಾವಕಾರ್ರ," ಅಂದ. "ಎತ್ತು ಎಲ್ಲಿ ಬಿಟ್ಟು ಬಂದೀರಿ?"

"ಗೇರ್ ಬೀಳವಲ್ದೋ ಮಾರಾಯ."

"ನನ್ನ ಟ್ರೇಲರಿಗೆ ಕಟ್ರಿ, ಎಳಕೊಂಡು ಹೋಗ್ತೀನಿ. ಕಬ್ಬಿನ ಜೋಡಿ ತೂಕ ಮಾಡಿಸಿಬಿಡೂಣು."

ಬಸ್ಸಿನ ಕಂಡಕ್ಟರು ನಕ್ಕ ಸದ್ದು ಗಾಜಿನೊಳಗೂ ಕೇಳಿಸಿತು. ನಾನೂ ನಕ್ಕೆ, ಅಳುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಅಲ್ಲಿಂದ ಮುಂದೆ ರಸ್ತೆ ಅಗಲ, ನುಣುಪು. ಎಡಕ್ಕೆ ಒಣಗಿ ನಿಂತ ತೊಗರಿ, ಬಲಕ್ಕೆ ಮೊಣಕಾಲೆತ್ತರದ ಬಿಳಿಜೋಳ. ಈ ದಾರಿ ಕಿರಿದಾಗಿದ್ದಾಗ ಎರಡೂ ಕಡೆ ಬೇವು, ಹುಣಸೆ ಇದ್ದವು. ಎದುರಿಗೆ ಇನ್ನೊಂದು ಲಾರಿ ಬಂದರೆ ಅಪ್ಪ ಮಣ್ಣಿಗಿಳಿಸಿ, ಆ ಡ್ರೈವರನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿಯೇ ಮುಂದೆ ಹೋಗುತ್ತಿದ್ದ. ಈಗ ಎದುರಿನಿಂದ ಯಾರೂ ಬರುವುದಿಲ್ಲ. ನಡುವೆ ಕಾಂಕ್ರೀಟಿನ ಗೋಡೆ. ಹುಣಸೆ ಮರದ ಕೆಳಗೊಂದು ಚಹಾದ ಗುಡಿಸಲಿತ್ತು, ಬಶಿಯಲ್ಲಿ ಸುರಿದು ನನಗೆ ಆರಿಸಿ ಕೊಡುತ್ತಿದ್ದರು. ಅದು ಎಲ್ಲಿತ್ತೆಂದು ಗಾಡಿ ನಿಲ್ಲಿಸಿ ನೋಡಿದೆ. ಸಿಗಲಿಲ್ಲ. ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಎಡಗಾಲು ಉರಿಯುತ್ತಿತ್ತು. ಈ ಕಾರಿನ ಪೆಡಲುಗಳು ಉಕ್ಕಿನವು, ತೂತು ಕೊರೆದು ಅದರ ಮೇಲೆ ಮೊಳೆಯ ತಲೆಯಂಥ ರಬ್ಬರ್ ಗುಬುಟು ಕೂರಿಸಿದಂಥವು. ಅಂಗಾಲಿನಲ್ಲಿ ಅವುಗಳ ಅಚ್ಚು ಮೂಡಿತ್ತು. ಕಾಲಿಗೂ ಏನೋ ರೋಗ ಬಂತೆಂದು ಆ ಚಿಂತೆಯನ್ನೂ ಜೊತೆಗೆ ಹತ್ತಿಸಿಕೊಂಡು ಹೊರಟೆ.

ಹುಮನಾಬಾದ್ ಮುಟ್ಟಿದಾಗ ಹತ್ತೂವರೆ. ಮಹೆಬೂಬ್ ಮೇಸ್ತ್ರಿ ಅಪ್ಪನ ಲಾರಿ ನೋಡುತ್ತಿದ್ದವರು. ಅವರ ಗ್ಯಾರೇಜು ಈಗ ಟಯರ್ ಅಂಗಡಿ. ಹಿಂದಿನ ಮನೆಯಲ್ಲಿ ಅವರು ಬಿಸಿಲಿಗೆ ಖುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತೈದು ದಾಟಿರಬೇಕು.

"ಚಾಚಾ, ನಾ ಶರಣಪ್ಪ. ಕಲ್ಯಾಣದ ಗುರಪ್ಪನ ಮಗ."

"ಜರಾ ಜೋರ್ ಹೇಳು ಬೇಟಾ. ಕಿವಿ ರಿಟೈರ್ ಆಗ್ಯಾವ."

ಸ್ಕ್ರೂ ಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಹಚ್ಚಿ ರೋಗ ಹೇಳುತ್ತಿದ್ದ ಮನುಷ್ಯ. ಆ ಕಿವಿಯನ್ನೇ ನಂಬಿ ನಾನು ಇಷ್ಟು ದೂರ ಬಂದಿದ್ದೆ. ಆದರೂ ಗೋಳೆಲ್ಲ ಕೂಗಿ ಹೇಳಿದೆ. ಟಯರ್ ಅಂಗಡಿಯವರೂ ಕೇಳಿಸಿಕೊಂಡರು. ಚಾಚಾ ಎದ್ದು ಕಾರಿನ ಪಕ್ಕದ ಸೀಟಿಗೆ ಇಳಿಯತೊಡಗಿದರು.

"ಇದು ಕಾರೋ ಬಾವಿಯೋ? ಹತ್ತಾಕ ಹಗ್ಗ ತಂದೀಯೇನು?"

ಗಾಡಿ ಚಾಲೂ ಮಾಡಿದೆ. ಹಾಕು ಅಂದರು, ಹಾಕಿದೆ, ಕರ್ರ್. ಮತ್ತ ಹಾಕು ಅಂದರು. ಮತ್ತೆ ಕರ್ರ್. ಅವರು ಗೇರಿನ ಕಡೆ ನೋಡಲೇ ಇಲ್ಲ. ಅಂಗೈಯನ್ನು ನನ್ನ ಎಡ ಮೊಣಕಾಲಿನ ಮೇಲಿಟ್ಟರು.

"ಕ್ಲಚ್ ಪೂರಾ ಒತ್ತು."

"ಒತ್ತೇನಿ ಚಾಚಾ."

"ಎಲ್ಲಿ ಒತ್ತೀದಿ? ಮಣಕಾಲ ಇನ್ನೂ ಮಡಚೇ ಅದ. ಒಂದು ಇಂಚು ಬಾಕಿ ಇಡಾಕತ್ತೀದಿ." ಬಗ್ಗಿ ಕೆಳಗೆ ನೋಡಿದರು. "ಚಪ್ಪಲ್ ಎಲ್ಲಿ ಅವ?"

"ಡಿಕ್ಕ್ಯಾಗ. ಹೊಸ ಗಾಡಿ ಅಲ್ಲೇನು?"

"ಬರಿಗಾಲಾಗ ಇದರ ಮ್ಯಾಲ? ಚುಚ್ಚತದ. ಚುಚ್ಚಿದ ಕೂಡ್ಲೆ ಕಾಲು ತಾನ ಹಿಂದ ಸರೀತದ, ನಿನಗ ಗೊತ್ತಾಗಂಗಿಲ್ಲ. ಕ್ಲಚ್ ಪೂರಾ ಒತ್ತಲಿಲ್ಲಂದ್ರ ಗೇರ್ ಹ್ಯಾಂಗ ಬೀಳಬೇಕು? ಆ ಶೋರೂಮಿನವ ಬೂಟ್ ಹಾಕ್ಕೊಂಡು ಓಡಿಸ್ಯಾನ, ಬಿದ್ದದ."

"ಅಪ್ಪ ಇಡೀ ಜನ್ಮ ಬರಿಗಾಲಾಗ ಓಡಿಸಿದ್ನಲ್ಲ."

"ಅವನ ಪೆಡಲಿಗೆ ನಾ ಹಳೇ ಟಯರಿನ ತುಂಡು ಕೊಯ್ದು ಬಡಿದಿದ್ದೆ. ಅವನೇನು ನಿನಗ ಹೇಳ್ಯಾನ?" ಚಾಚಾ ಸದ್ದಿಲ್ಲದೆ ನಗತೊಡಗಿದರು, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. "ಲಾರಿ ತಗೊಂಡ ಹೊಸದರಾಗ ನಿಮ್ಮಪ್ಪ ಕಲ್ಯಾಣದಿಂದ ಇಲ್ಲೀ ತನಕ ಫಸ್ಟ್ ಗೇರಿನಾಗೇ ಬಂದಿದ್ದ. ಸೆಕೆಂಡ್ ಹಾಕಾಕ ಅಂಜಿಕಿ. ರೇಡಿಯೇಟರ್ ಕೊತಕೊತ ಕುದಿಯಾಕತ್ತಿತ್ತು. ಇಳಿದು ಬಂದು ನನ್ನ ಮುಂದ ನಿಂತು ಅಂದ, ಮೇಸ್ತ್ರಿ, ಗಿರಾಕಿ ನೋಡ್ರಿ, ಲಾರಿ ಮಾರಿಬಿಡ್ತೀನಿ, ಇದು ನನ್ನ ಕೈಗೆ ಬರಂಗಿಲ್ಲ ಅಂದ."

ನಾನು ನೋಡಿದ ಅಪ್ಪನ ಎಡಗೈ ಹುಟ್ಟಿದಾಗಿನಿಂದ ಹಾಗೇ ಇತ್ತೆಂದು ನಂಬಿದ್ದೆ. ಆ ಕೈಯೂ ಒಂದು ದಿನ ಇದೇ ಅಂಗಳದಲ್ಲಿ ಸೋಲೊಪ್ಪಿಕೊಂಡಿತ್ತು. ನನಗೆ ಹೇಳಿದ ಮಾತನ್ನು ಅಪ್ಪ ಮೊದಲು ತನಗೇ ಹೇಳಿಕೊಂಡಿದ್ದ.

"ಆಮ್ಯಾಲ ಏನಾತು ಚಾಚಾ?"

"ಏನಾಗತದ? ಅವತ್ತು ರಬ್ಬರ್ ಬಡಿದು ಕೊಟ್ಟೆ. ಆದರೂ ಎರಡು ಗೇರ್‌ಬಾಕ್ಸ್ ತಿಂದ. ಆಮ್ಯಾಲ ಕಲ್ತ. ಹೋಗು, ಚಪ್ಪಲ್ ಹಾಕ್ಕೊಂಡು ಬಾ."

ಬೆಲ್ಟಿನ ಚಪ್ಪಲಿ ಹಾಕಿಕೊಂಡೆ. ದೇವರ ಮನೆಗೆ ಮೆಟ್ಟಿಕೊಂಡು ನುಗ್ಗಿದಂತೆ ಮೈ ಝುಂ ಅಂದಿತು. ಕ್ಲಚ್ಚು ಒತ್ತಿದೆ. ಅದು ನನಗೆ ಈ ತನಕ ಗೊತ್ತೇ ಇಲ್ಲದ ಒಂದು ಇಂಚು ಕೆಳಗೆ ಹೋಯಿತು. ಎರಡನೇ ಗೇರು ಸದ್ದಿಲ್ಲದೆ ಬಿತ್ತು. ರಿವರ್ಸ್ ಬಿತ್ತು. ನಂಬಿಕೆಯಾಗದೆ ಏಳೆಂಟು ಸಲ ಹಾಕಿ ತೆಗೆದೆ. ಸಾಕು, ಸವದು ಹೋದೀತು ಎಂದು ಚಾಚಾ ಬೈದರು.

ಅವರ ಮನೆಯವರು ಸುಸಲಾ, ಮಿರ್ಚಿ ತಂದಿಟ್ಟರು. ಚುರುಮುರಿಯ ಆ ಒಗ್ಗರಣೆಯನ್ನು ಬಿಸಿಬಿಸಿಯಾಗಿ ತಿನ್ನುತ್ತ ಚಾಚಾ ಅಪ್ಪನ ಕಥೆ ಇನ್ನೂ ಮೂರು ಹೇಳಿದರು. ಎರಡು ಇಲ್ಲಿ ಬರೆಯುವಂಥವಲ್ಲ, ಮೂರನೆಯದು ನಮ್ಮವ್ವನಿಗೆ ತಿಳಿಯಬಾರದು. ಎರಡು ಗಂಟೆಗೆ ಹೊರಟೆ. ಕನ್ನಡಿಯಲ್ಲಿ ನೋಡಿದರೆ ಅವರು ರಸ್ತೆಗೆ ಬಂದು ನನ್ನ ಮುಖದ ಕಡೆಗಲ್ಲ, ಗಾಲಿಗಳ ಕಡೆ ನೋಡುತ್ತ ನಿಂತಿದ್ದರು.

ಕಲ್ಯಾಣದ ತಿರುವು ಬರಲು ಅರ್ಧ ತಾಸೂ ಆಗಲಿಲ್ಲ. ಗಾಡಿ ಬದಿಗೆ ಹಚ್ಚಿ ಶೋರೂಮಿಗೆ ಫೋನ್ ಮಾಡಿದೆ. ಬದಲಿ ಕಾರು ಬೇಡ, ಲಾರಿ ಕಳಿಸಬೇಡಿ ಅಂದೆ. ಮ್ಯಾನೇಜರು ಹಿಂದಿಯಲ್ಲಿ, ಗೇರ್‌ಬಾಕ್ಸಿನಲ್ಲಿ ಏನು ದೋಷವಿತ್ತು, ರಿಜಿಸ್ಟರಿನಲ್ಲಿ ಬರೆಯಬೇಕು ಎಂದರು.

"ಗೇರ್‌ಬಾಕ್ಸ್ ಸರಿಯಿದೆ," ಅಂದೆ, ನನ್ನ ಹರಕು ಹಿಂದಿಯಲ್ಲಿ. "ಡ್ರೈವರ್ ಹೊಸಬ. ಅವನಪ್ಪನೂ ಹೊಸದರಲ್ಲಿ ಹೀಗೇ ಇದ್ದನಂತೆ."

ನಾನು ಫೋನಿಟ್ಟು ಒಂದಕ್ಕೆ ಹಾಕಿ, ಊರಿನ ದಾರಿಗೆ ತಿರುಗಿಸಿದೆ. ಎರಡನೆಯದು ಬಿತ್ತು. ಮೂರಕ್ಕೆ ಹೋಗುವಾಗ ಅವಸರ ಮಾಡಿದೆ, ಸಣ್ಣಗೆ ಕರ್ರ್ ಅಂದಿತು. ಕಾಲು ತೆಗೆದು, ಪೂರಾ ಒತ್ತಿ, ಮತ್ತೆ ಹಾಕಿದೆ.